ಲ್ಯಾವೆಂಡರ್ ಎಣ್ಣೆ ತಿಕ್ಕಿಕೊಂಡು ಕುತ್ತಿಗೆ ಕೆಂಪಾಯಿತು. ತಪ್ಪು ಎಣ್ಣೆಯದಾ, ನನ್ನದಾ?

ನಿದ್ದೆಗೇಡಿ:

ಎಲ್ಲರಿಗೂ ನಮಸ್ಕಾರ. ಕಥೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನನಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಹನ್ನೊಂದಕ್ಕೆ ಮಲಗಿದರೆ ಒಂದೂವರೆ ತನಕ ಫ್ಯಾನ್ ತಿರುಗುವುದನ್ನು ನೋಡುತ್ತಾ ಬಿದ್ದಿರುತ್ತೇನೆ. ಮೂರು ವರ್ಷದ ಹಿಂದೆ ಯಾರೋ ಉಡುಗೊರೆ ಕೊಟ್ಟ ಎಸೆನ್ಶಿಯಲ್ ಆಯಿಲ್ ಡಬ್ಬಿ ಬೀರುವಿನಲ್ಲಿತ್ತು. ಲ್ಯಾವೆಂಡರ್, ಕಿತ್ತಳೆ, ಪೆಪ್ಪರ್‌ಮಿಂಟ್, ನೀಲಗಿರಿ, ನಾಲ್ಕು ಪುಟ್ಟ ಸೀಸೆ. ಲ್ಯಾವೆಂಡರ್ ಅರ್ಧ ಖಾಲಿ ಆಗಿತ್ತು. ಎರಡು ಹನಿ ದಿಂಬಿಗೆ ಹಾಕಿ ಮಲಗಿದೆ. ಪರವಾಗಿಲ್ಲ ಅನ್ನುವಷ್ಟು ನಿದ್ದೆ ಬಂತು.

ದಿಂಬಿಗೆ ಹಾಕಿದರೇ ಇಷ್ಟು, ಮೈಗೆ ಹಚ್ಚಿದರೆ ಎಷ್ಟಿರಬೇಡ ಅನ್ನಿಸಿತು. ಕಿವಿಯ ಹಿಂದೆ, ಕುತ್ತಿಗೆಗೆ ನಾಲ್ಕೈದು ಹನಿ ಹಾಗೇ ತಿಕ್ಕಿಕೊಳ್ಳಲು ಶುರು ಮಾಡಿದೆ. ಹತ್ತು ದಿನ ಏನೂ ಆಗಲಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ಅಂಗಿಯ ಕಾಲರ್ ತಾಗಿದರೆ ಉರಿ. ಕನ್ನಡಿ ನೋಡಿದರೆ, ಕುತ್ತಿಗೆಯ ಮೇಲೆ ಬೆರಳು ಎಳೆದ ದಾರಿಯಲ್ಲೇ ನಾಲ್ಕು ಕೆಂಪು ಪಟ್ಟೆ. ಯಾರೋ ಕತ್ತು ಹಿಡಿದಂತೆ. ಆಫೀಸಿನಲ್ಲಿ ಎಲ್ಲರೂ ಕೇಳುವವರೇ.

ಸೀಸೆಯ ಮೇಲೆ ನೂರಕ್ಕೆ ನೂರು ನೈಸರ್ಗಿಕ ಅಂತ ಬರೆದಿದೆ. ಮತ್ತೆ ಹೀಗೇಕೆ? ಒಟ್ಟಿನಲ್ಲಿ ಈ ಅರೋಮಾಥೆರಪಿಯಲ್ಲಿ, ಅಂದರೆ ಗಿಡದ ಘಮದ ಎಣ್ಣೆಗಳ ಚಿಕಿತ್ಸೆಯಲ್ಲಿ, ಏನಾದರೂ ಹುರುಳಿದೆಯಾ?

ಸುಮ್ನೆಕೇಳ್ತೀನಿ:

ತುರಚೆ ಗಿಡವೂ ನೂರಕ್ಕೆ ನೂರು ನೈಸರ್ಗಿಕವೇ ಅಲ್ವಾ?

ಸೀಸೆಮುಚ್ಚಳ:

ಮೇಲಿನವರ ಕುಹಕ ಬಿಡಿ, ಆದರೆ ಮಾತು ನಿಜ. ಮೊದಲು ಹಚ್ಚುವುದನ್ನು ನಿಲ್ಲಿಸಿ. ನೀರುಗುಳ್ಳೆ ಎದ್ದರೆ, ಕಣ್ಣಿನ ಕಡೆ ಹರಡಿದರೆ ಕಾಯಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ನಾನು ಮನೆಯಲ್ಲಿ ಸೋಪು ಮಾಡುವವಳು. ಈ ಸೀಸೆಗಳ ಜೊತೆ ಹತ್ತು ಹನ್ನೆರಡು ವರ್ಷದ ಒಡನಾಟ. ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು "ಮೂರು ವರ್ಷದ ಹಿಂದೆ", "ಅರ್ಧ ಖಾಲಿ" ಅನ್ನುವ ಎರಡು ಮಾತಿನ ಮೇಲೆ.

ಲ್ಯಾವೆಂಡರ್ ಎಣ್ಣೆಯಲ್ಲಿ ಜಾಸ್ತಿ ಇರುವುದು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. ತಾಜಾ ಇದ್ದಾಗ ಲಿನಲೂಲ್ ಚರ್ಮಕ್ಕೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಗಾಳಿ ತಾಗುತ್ತಾ ತಾಗುತ್ತಾ ಅದು ಹೈಡ್ರೋಪೆರಾಕ್ಸೈಡ್ ಆಗಿ ಬದಲಾಗುತ್ತದೆ. ಅಲರ್ಜಿ ಎಬ್ಬಿಸುವುದು ಅದು. ಸೀಸೆ ಅರ್ಧ ಖಾಲಿ ಅಂದರೆ ಇನ್ನರ್ಧ ಗಾಳಿ ತುಂಬಿ ಕೂತಿದೆ ಅಂತ ಅರ್ಥ. ಮೂರು ವರ್ಷ ಅದು ಸುಮ್ಮನೆ ಕೂತಿರಲಿಲ್ಲ. ಕಿತ್ತಳೆ, ನಿಂಬೆ ಎಣ್ಣೆಗಳಲ್ಲಿರುವ ಲಿಮೊನಿನ್ ಕೂಡ ಹೀಗೇ ಕೆಡುತ್ತದೆ. ಯುರೋಪಿನಲ್ಲಿ ಕ್ರೀಮು, ಸೋಪುಗಳಲ್ಲಿ ಇವು ಒಂದು ಮಿತಿ ದಾಟಿದರೆ ಲೇಬಲ್ ಮೇಲೆ ಹೆಸರು ಬಿಡಿಸಿ ಬರೆಯಲೇಬೇಕು. ಸುಮ್ಮಸುಮ್ಮನೆ ಆ ನಿಯಮ ಮಾಡಿದ್ದಲ್ಲ.

ಹತ್ತು ದಿನ ಏನೂ ಆಗದೆ ಆಮೇಲೆ ಎದ್ದದ್ದು ಕೂಡ ಅಲರ್ಜಿಯ ನಡೆಯೇ. ಬರೀ ಖಾರಕ್ಕೆ ಉರಿದಿದ್ದರೆ ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು. ಅಲರ್ಜಿಯಲ್ಲಿ ಮೈ ಮೊದಲು ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ತಿರುಗಿ ಬೀಳುತ್ತದೆ. ಒಂದು ಸಲ ಗುರುತು ಹಿಡಿದರೆ ಮರೆಯುವುದು ಕಷ್ಟ. ಮುಂದೆ ಶಾಂಪೂವಿನಲ್ಲಿ ಅದೇ ವಸ್ತು ಇದ್ದರೂ ಕೆರೆತ ಬರಬಹುದು. ಅದಕ್ಕೇ ಯಾವ ವಸ್ತುವಿಗೆ ಅಲರ್ಜಿ ಅಂತ ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ಳಿ ಅನ್ನುತ್ತೇನೆ.

ನನ್ನ ಸೀಸೆಗಳ ಮುಚ್ಚಳದ ಮೇಲೆಲ್ಲ ತೆರೆದ ದಿನಾಂಕ ಬರೆದ ಚೀಟಿ ಇರುತ್ತದೆ. ಕಂದು ಬಣ್ಣದ ಗಾಜು, ತಂಪಾದ ಕತ್ತಲ ಜಾಗ. ಅರ್ಧ ಆದರೆ ಇನ್ನೂ ಚಿಕ್ಕ ಸೀಸೆಗೆ ಸುರಿದುಬಿಡುತ್ತೇನೆ. ಮನೆಯವರು ಹುಚ್ಚು ಅನ್ನುತ್ತಾರೆ. ಅನ್ನಲಿ.

ನಿದ್ದೆಗೇಡಿ:

ಅಯ್ಯೋ. ಹಳೆಯದಾದಷ್ಟೂ ಒಳ್ಳೆಯದು ಅಂತ ನಾನು ಅಂದುಕೊಂಡಿದ್ದೆ. ಹಾಗಾದರೆ ಹೊಸ ಸೀಸೆ ತಂದು ಹಚ್ಚಿದರೆ ಸರಿಹೋಗುತ್ತದಾ?

ಸೀಸೆಮುಚ್ಚಳ:

ನಿಮಗೆ ಈಗ ಹೊಸದೂ ಬೇಡ. ಬೇರೆಯವರಿಗೂ ಹಾಗೇ ಹಚ್ಚುವುದು ಬೇಡ. ಇದನ್ನು ಎಣ್ಣೆ ಅಂತ ಕರೆಯುವುದರಿಂದಲೇ ಅರ್ಧ ತೊಂದರೆ. ತೆಂಗಿನೆಣ್ಣೆಯ ಹಾಗೆ ತಲೆಗೆ ಸುರಿದುಕೊಳ್ಳುವ ವಸ್ತು ಅಂದುಕೊಳ್ಳುತ್ತೇವೆ. ಇದರಲ್ಲಿ ಜಿಡ್ಡೇ ಇಲ್ಲ. ಗಿಡದ ಮೇಲೆ ಹಬೆ ಹಾಯಿಸಿ, ಹಬೆಯ ಜೊತೆ ಹಾರಿ ಬಂದ ಘಾಟನ್ನು ತಣಿಸಿ ಹಿಡಿದದ್ದು. ನಿಂಬೆ, ಕಿತ್ತಳೆಗಳದ್ದು ಮಾತ್ರ ಸಿಪ್ಪೆ ಒತ್ತಿ ತೆಗೆಯುತ್ತಾರೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಸುಮಾರು 3ರಿಂದ 4 ಟನ್ ಎಸಳು ಬೇಕು. ಅಷ್ಟನ್ನು ಹಿಂಡಿ ಹನಿ ಮಾಡಿದ ಮೇಲೆ ಆ ಹನಿಗೆ ಸ್ವಲ್ಪ ಮರ್ಯಾದೆ ಕೊಡಬೇಕಲ್ಲ.

ಲೆಕ್ಕ ಹೀಗೆ. ಒಂದು ಮಿಲಿ ಅಂದರೆ ಸುಮಾರು 20 ಹನಿ. 30 ಮಿಲಿ ತೆಂಗಿನೆಣ್ಣೆಗೋ ಬಾದಾಮಿ ಎಣ್ಣೆಗೋ 6 ಹನಿ ಹಾಕಿದರೆ ಶೇ. 1, 12 ಹನಿ ಹಾಕಿದರೆ ಶೇ. 2. ಮುಖಕ್ಕೆ ಶೇ. 1 ದಾಟಬೇಡಿ, ಮೈಗೆ ಶೇ. 2 ಧಾರಾಳವಾಯಿತು. ನೀವು ಹಚ್ಚಿಕೊಂಡದ್ದು ಶೇ. 100. ಮೊದಲ ಸಲ ಯಾವುದನ್ನೇ ಹಚ್ಚುವುದಾದರೂ ಬೆರೆಸಿದ್ದನ್ನು ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ, ಎರಡು ದಿನ ನೋಡಿ. ದಾಲ್ಚಿನ್ನಿ, ಲವಂಗದ ಎಣ್ಣೆಗಳ ಹತ್ತಿರ ಇನ್ನೂ ಹುಷಾರು. ಅವು ಹೊಸದಿದ್ದರೂ ಚರ್ಮ ಸುಡುತ್ತವೆ. ನಿಂಬೆ ಜಾತಿಯ ಬೆರ್ಗಮಾಟ್ ಎಣ್ಣೆ, ಒತ್ತಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ.

ಚಳಿಬಿದ್ದವನು:

ಪೆಪ್ಪರ್‌ಮಿಂಟ್ ವಿಷಯದಲ್ಲಿ ನನ್ನದೂ ಒಂದು ಮಾನಗೇಡಿ ಪ್ರಸಂಗ ಇದೆ. ಮೈಕೈ ನೋವಿಗೆ ಒಳ್ಳೆಯದು ಅಂತ ಎಲ್ಲೋ ಓದಿ ಸ್ನಾನದ ಬಿಸಿನೀರಿಗೆ ಹದಿನೈದು ಹನಿ ಹಾಕಿದೆ. ನೀರಿನಿಂದ ಹೊಗೆ ಏಳುತ್ತಿದೆ, ನಾನು ಮಾತ್ರ ಹಲ್ಲು ಕಟಕಟ ಅಂತ ನಡುಗುತ್ತಿದ್ದೇನೆ. ಎಲ್ಲಿ ಉರಿಯಬಾರದೋ ಅಲ್ಲೆಲ್ಲ ಉರಿ. ಇನ್ನಷ್ಟು ನೀರು ಸುರಿದುಕೊಂಡರೆ ಇನ್ನಷ್ಟು ಹರಡಿತು. ಇಪ್ಪತ್ತು ನಿಮಿಷ ಕಂಬಳಿ ಹೊದ್ದು ಕೂತೆ. ಜ್ವರ ಬಂತಾ ಅಂತ ಥರ್ಮಾಮೀಟರ್ ಬೇರೆ ಇಟ್ಟುಕೊಂಡೆ.

ಮಾತ್ರೆ ಎಣಿಸುವವಳು:

ನಗು ತಡೆಯಲಾಗುತ್ತಿಲ್ಲ, ಕ್ಷಮಿಸಿ. ನಿಮ್ಮ ಮೈ ತಣ್ಣಗಾಗಿರಲಿಲ್ಲ, ನರಗಳಿಗೆ ಹಾಗೆ ಸುಳ್ಳು ಸುದ್ದಿ ಹೋಗಿತ್ತು. ಚಳಿಯನ್ನು ಗುರುತಿಸುವ ಒಂದು ಗ್ರಾಹಕ ಚರ್ಮದ ನರಗಳಲ್ಲಿದೆ, ಟಿಆರ್‌ಪಿಎಂ8 ಅಂತ ಹೆಸರು. ಪೆಪ್ಪರ್‌ಮಿಂಟ್‌ನಲ್ಲಿರುವ ಮೆಂಥಾಲ್ ಅದೇ ಸ್ವಿಚ್ಚನ್ನು ಒತ್ತುತ್ತದೆ. ಅದನ್ನು ಪತ್ತೆ ಹಚ್ಚಲು ವಿಜ್ಞಾನಿಗಳು ಬಳಸಿದ್ದೂ ಮೆಂಥಾಲನ್ನೇ. ಆ ಕೆಲಸ ಮಾಡಿದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ನಿಮಗೆ ಕಂಬಳಿ ಸಿಕ್ಕಿತು.

ಇನ್ನೊಂದು, ಈ ಎಣ್ಣೆ ನೀರಲ್ಲಿ ಕರಗುವುದಿಲ್ಲ. ಮೇಲೆ ತೇಲಿ, ನೇರ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೀರು ಸುರಿದರೆ ಹೋಗುವುದಿಲ್ಲ. ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಮಾತ್ರ ತುಂಬಾ ಹೊತ್ತು ಬರೀ ನೀರಿನಲ್ಲೇ ತೊಳೆದು ಡಾಕ್ಟರ ಹತ್ತಿರ ಹೋಗಿ.

ಸುಮ್ನೆಕೇಳ್ತೀನಿ:

ಚರ್ಮದ ಕಥೆ ಆಯಿತು. ಅವರು ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇದರಲ್ಲಿ ಹುರುಳಿದೆಯಾ? ನನ್ನ ಪ್ರಕಾರ ಇಲ್ಲ. ಒಳ್ಳೆಯ ವಾಸನೆ ಬಂದರೆ ಯಾರಿಗೂ ಹಿತ ಅನ್ನಿಸುತ್ತದೆ. ಅದಕ್ಕೆ ಥೆರಪಿ ಅಂತ ಹೆಸರಿಡಬೇಕಾ? ಫ್ರೆಂಚ್ ವಿಜ್ಞಾನಿಯೊಬ್ಬ ಸುಟ್ಟ ಕೈಯನ್ನು ಲ್ಯಾವೆಂಡರ್ ಪಾತ್ರೆಗೆ ಅದ್ದಿದ, ಕಲೆಯೂ ಇಲ್ಲದೆ ವಾಸಿಯಾಯಿತು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಂಬುವ ಹಾಗಿದೆಯಾ?

ಸೀಸೆಮುಚ್ಚಳ:

ಆ ಕಥೆ ಬಾಯಿಂದ ಬಾಯಿಗೆ ಬಂದು ಬಣ್ಣ ಹಚ್ಚಿಕೊಂಡಿದೆ. ರೆನೆ ಮೋರಿಸ್ ಗಾಟ್‌ಫೊಸ್ಸೆ ಅಂತ, ಸುಗಂಧದ್ರವ್ಯದ ರಸಾಯನತಜ್ಞ. 1910ರಲ್ಲಿ ಲ್ಯಾಬಿನಲ್ಲಿ ಸ್ಫೋಟವಾಗಿ ಮೈಗೆ ಬೆಂಕಿ ಹತ್ತಿತು. ಹುಲ್ಲಿನ ಮೇಲೆ ಹೊರಳಾಡಿ ಆರಿಸಿಕೊಂಡ. ಆಮೇಲೆ ಕೈಗೆ ಗ್ಯಾಸ್ ಗ್ಯಾಂಗ್ರಿನ್, ಅಂದರೆ ಗಾಯ ಕೊಳೆಯುವ ಸೋಂಕು, ಆಯಿತು, ಆಗ ಲ್ಯಾವೆಂಡರ್‌ನಿಂದ ತೊಳೆದೆ ಅಂತ ಅವನೇ ಬರೆದಿದ್ದಾನೆ. ಕೈ ಅದ್ದಿದ ಪಾತ್ರೆ ಅದರಲ್ಲಿ ಎಲ್ಲೂ ಇಲ್ಲ. ಅರೋಮಾಥೆರಪಿ ಅನ್ನುವ ಹೆಸರು ಮಾತ್ರ ಅವನದೇ, 1937ರ ಅವನ ಪುಸ್ತಕದ್ದು. ಒಬ್ಬನ ಅನುಭವದಿಂದ ಏನೂ ಸಾಬೀತಾಗುವುದಿಲ್ಲ, ಅದನ್ನು ಒಪ್ಪುತ್ತೇನೆ.

ಮಾತ್ರೆ ಎಣಿಸುವವಳು:

ಹುರುಳಿನ ಪ್ರಶ್ನೆಗೆ ನಾನು ಪ್ರಯತ್ನಿಸುತ್ತೇನೆ. ಔಷಧಿ ಕೊಡುವುದೇ ನನ್ನ ಕೆಲಸ, ಹಾಗಾಗಿ ದಿನಾ ಯಾರಾದರೂ ಕೇಳುತ್ತಲೇ ಇರುತ್ತಾರೆ.

ಕೆಲವು ಕಡೆ ಗಟ್ಟಿ ಹುರುಳಿದೆ. ಹೊಟ್ಟೆ ಹಿಂಡುವ ಐಬಿಎಸ್ ತೊಂದರೆಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಇದೆ. ಜಠರದಲ್ಲಿ ಒಡೆಯದೆ ಕರುಳಿನಲ್ಲಿ ಒಡೆಯುವ ಹಾಗೆ ಲೇಪ ಹಾಕಿರುತ್ತಾರೆ. ಅಮೆರಿಕದ ಹೊಟ್ಟೆರೋಗ ತಜ್ಞರ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಪೆಪ್ಪರ್‌ಮಿಂಟನ್ನು ಸೇರಿಸಿಕೊಂಡಿದೆ. ಜರ್ಮನಿಯಲ್ಲಿ ಆತಂಕಕ್ಕೆ 80 ಮಿಲಿಗ್ರಾಂ ಲ್ಯಾವೆಂಡರ್ ಎಣ್ಣೆಯ ಕ್ಯಾಪ್ಸೂಲ್ ಕೊಡುತ್ತಾರೆ, ಅದರ ಮೇಲೂ ಪರೀಕ್ಷೆಗಳಾಗಿವೆ. ಮೊಡವೆಗೆ ಟೀ ಟ್ರೀ ಅನ್ನುವ ಗಿಡದ ಎಣ್ಣೆಯ ಶೇ. 5ರ ಜೆಲ್ ನಿಧಾನವಾಗಿಯಾದರೂ ಕೆಲಸ ಮಾಡುತ್ತದೆ. ಇವೆಲ್ಲ ಅಳತೆ ಮಾಡಿ, ಔಷಧಿಯ ಹಾಗೆ ತಯಾರಿಸಿದ್ದು. ಇದನ್ನು ಓದಿ ಮನೆಯ ಸೀಸೆಯಿಂದ ಎರಡು ಹನಿ ನಾಲಿಗೆಗೆ ಬಿಟ್ಟುಕೊಳ್ಳಬೇಡಿ.

ಮೂಸುವುದರಿಂದ ಏನಾಗುತ್ತದೆ ಅನ್ನುವುದು ಜಟಿಲ. ಕಾರಣ ಸರಳ. ಪರೀಕ್ಷೆ ಮಾಡಬೇಕಾದರೆ ಅರ್ಧ ಜನಕ್ಕೆ ನಿಜವಾದದ್ದು, ಅರ್ಧ ಜನಕ್ಕೆ ಹುಸಿಯಾದದ್ದು ಕೊಡಬೇಕು, ಯಾವುದು ಅಂತ ಅವರಿಗೆ ಗೊತ್ತಾಗಬಾರದು. ಲ್ಯಾವೆಂಡರನ್ನು ಗೊತ್ತಾಗದ ಹಾಗೆ ಮೂಸಿಸುವುದು ಹೇಗೆ?

ಒಂದು ತಮಾಷೆ ಹೇಳುತ್ತೇನೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವಾಕರಿಕೆ ಬಂದವರಿಗೆ ಮೂಸಲು ಕೊಟ್ಟು ಚೆನ್ನಾಗಿ ಕೆಲಸ ಮಾಡಿದ್ದು ಯಾವ ಹೂವಿನ ಎಣ್ಣೆಯೂ ಅಲ್ಲ. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಒರೆಸುತ್ತಾರಲ್ಲ, ಆ ಸ್ಪಿರಿಟ್ ಹತ್ತಿ. ಐಸೊಪ್ರೊಪೈಲ್ ಆಲ್ಕೋಹಾಲ್.

ಸುಮ್ನೆಕೇಳ್ತೀನಿ:

ಸ್ಪಿರಿಟ್ ಹತ್ತಿ ಚೆನ್ನಾಗಿದೆ, ಅದಕ್ಕೊಂದು ಚಂದದ ಸೀಸೆ ಮಾಡಿ ಮಾರಬೇಕು. ಹಾಗಾದರೆ ನಿದ್ದೆಗೆ ಲ್ಯಾವೆಂಡರ್ ಬರೀ ಭ್ರಮೆ ಅಂತ ಇಟ್ಟುಕೊಳ್ಳೋಣ?

ಮಾತ್ರೆ ಎಣಿಸುವವಳು:

ಬರೀ ಭ್ರಮೆ ಅನ್ನಲಾರೆ. ಕಣ್ಣು, ಕಿವಿಯ ಸುದ್ದಿಗಳು ಮೆದುಳಿನಲ್ಲಿ ಥಲಾಮಸ್ ಅನ್ನುವ ಒಂದು ಚೌಕಿ ದಾಟಿ ಮುಂದೆ ಹೋಗುತ್ತವೆ. ವಾಸನೆ ಹಾಗಲ್ಲ. ಮೂಗಿನ ಮೇಲಿರುವ ಘ್ರಾಣ ಗಡ್ಡೆಯಿಂದ ಸೀದಾ ಭಾವನೆ, ನೆನಪುಗಳ ಮನೆಗೆ ನುಗ್ಗುತ್ತದೆ. ಅದಕ್ಕೇ ಹಳೆಯ ಪೆಟ್ಟಿಗೆಯ ಬಟ್ಟೆ ಮೂಸಿದರೆ ಯಾರದೋ ಮುಖ ಕಣ್ಣ ಮುಂದೆ ಬರುವುದು. ನನ್ನ ಊಹೆ ಇಷ್ಟು. ದಿನಾ ಒಂದೇ ಹೊತ್ತಿಗೆ, ದೀಪ ಆರಿಸಿ, ಫೋನ್ ದೂರ ಇಟ್ಟು, ಅದೇ ವಾಸನೆ ಮೂಸಿದರೆ ಮೈಗೆ ಅದು "ಇನ್ನು ಮಲಗು" ಅನ್ನುವ ಗಂಟೆ ಆಗುತ್ತದೆ. ಆ ಗಂಟೆ ಲ್ಯಾವೆಂಡರೇ ಆಗಬೇಕು ಅಂತೇನಿಲ್ಲ. ನಿಮಗೆ ಆ ವಾಸನೆ ಹಿಡಿಸದಿದ್ದರೆ ತಲೆನೋವೇ ಬರುತ್ತದೆ.

ನಾಲ್ಕು ಸೀಸೆ:

ಯಾರೂ ಹೇಳದ ಒಂದು ಉಪಯೋಗ ಹೇಳಲಾ? ಎರಡು ವರ್ಷದ ಹಿಂದೆ ಒಂದು ವೈರಲ್ ಜ್ವರ ಬಂದು ಹೋಯಿತು. ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತು. ಏನೆಂದರೆ ಏನೂ ವಾಸನೆ ಇಲ್ಲ. ಹಾಲು ಉಕ್ಕಿ ಸೀದು ಪಾತ್ರೆ ಕಪ್ಪಾದರೂ ಪಕ್ಕದಲ್ಲೇ ನಿಂತಿದ್ದ ನನಗೆ ಗೊತ್ತಾಗಲಿಲ್ಲ.

ಕಿವಿ ಮೂಗಿನ ಡಾಕ್ಟರು ವಾಸನೆಯ ಅಭ್ಯಾಸ ಮಾಡಿ ಅಂದರು. ಜರ್ಮನಿಯ ಥಾಮಸ್ ಹುಮೆಲ್ ಮತ್ತು ಅವರ ತಂಡ 2009ರಲ್ಲಿ ಪ್ರಕಟಿಸಿದ ಕ್ರಮ ಅದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, 12 ವಾರ. ನಾಲ್ಕು ಗಾಜಿನ ಸೀಸೆಯಲ್ಲಿ ಹತ್ತಿ ಇಟ್ಟು, ಒಂದೊಂದಕ್ಕೂ ಎರಡೆರಡು ಹನಿ. ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡು ಸಣ್ಣಗೆ ಮೂಸಬೇಕು, ಮೂಸುವಾಗ ಆ ವಾಸನೆ ಹೇಗಿತ್ತು ಅಂತ ನೆನೆಯಬೇಕು.

ನೆನೆಯುವುದೇ ಕಷ್ಟದ ಭಾಗ. ನಿಂಬೆ ಸೀಸೆ ಹಿಡಿದು ಕಣ್ಣು ಮುಚ್ಚಿದರೆ ಹಳದಿ ಬಣ್ಣ ಬರುತ್ತಿತ್ತು, ಹುಳಿ ಬರುತ್ತಿತ್ತು, ವಾಸನೆ ಮಾತ್ರ ಬರುತ್ತಿರಲಿಲ್ಲ. ನಾಲ್ಕು ವಾರ ಖಾಲಿ ಸೀಸೆ ಮೂಸಿದ ಹಾಗೇ. ಐದನೇ ವಾರ ನೀಲಗಿರಿ ಮೂಗಿನೊಳಗೆ ತಣ್ಣಗೆ ಚುಚ್ಚಿತು. ವಾಸನೆ ಅಲ್ಲ, ಬರೀ ಚುಚ್ಚು. ಏಳನೇ ವಾರ ಲವಂಗ ಬಂತು, ಆದರೆ ಸುಟ್ಟ ರಬ್ಬರಿನ ವೇಷದಲ್ಲಿ. ನಾನು ಬೇಸರಪಟ್ಟರೆ ಡಾಕ್ಟರು ಖುಷಿಪಟ್ಟರು. ತಪ್ಪು ವಾಸನೆ ಬಂದರೂ ನರ ಮತ್ತೆ ಬೆಸೆದುಕೊಳ್ಳುತ್ತಿದೆ ಅಂತ ಅರ್ಥವಂತೆ. ಎಲ್ಲರಿಗೂ ಮರಳಿ ಬರುವುದಿಲ್ಲ, ಅದೂ ನಿಜ. ನನಗೆ ಮುಕ್ಕಾಲು ಬಂದಿದೆ. ಗುಲಾಬಿ ಇನ್ನೂ ಬಂದಿಲ್ಲ.

ಸುಮ್ನೆಕೇಳ್ತೀನಿ:

ಇದಕ್ಕೆ ನನ್ನ ಬಳಿ ಕುಹಕ ಇಲ್ಲ. ಗುಲಾಬಿಯೂ ಬರಲಿ.

ಬೆಕ್ಕಿನ ಆಳು:

ಕೋಣೆಗೆ ಈ ಎಣ್ಣೆಯ ವಾಸನೆ ಹರಡುವ ಡಿಫ್ಯೂಸರ್ ಇಟ್ಟುಕೊಂಡವರಿಗೆ ಒಂದು ಮಾತು. ಮನೆಯಲ್ಲಿ ಬೆಕ್ಕಿದ್ದರೆ ಎರಡು ಸಲ ಯೋಚಿಸಿ. ಬೆಕ್ಕಿನ ಪಿತ್ತಜನಕಾಂಗಕ್ಕೆ ಇಂಥ ಎಷ್ಟೋ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ತುಂಬಾ ಕಡಿಮೆ. ಟೀ ಟ್ರೀ ಅಂತೂ ಬೇಡವೇ ಬೇಡ. ನೀರು ಹಾಕುವ ಡಿಫ್ಯೂಸರ್ ಸಣ್ಣ ಸಣ್ಣ ಹನಿಗಳನ್ನು ಗಾಳಿಗೆ ಬಿಡುತ್ತದೆ. ಅವು ಬೆಕ್ಕಿನ ತುಪ್ಪಳದ ಮೇಲೆ ಕೂರುತ್ತವೆ. ಆಮೇಲೆ ಅದು ಕೂತು ಮೈ ನೆಕ್ಕುತ್ತದೆ. ನಮ್ಮದು ಒಂದು ದಿನ ಜೊಲ್ಲು ಸುರಿಸುತ್ತಾ, ಹಿಂಗಾಲು ಎಳೆಯುತ್ತಾ ನಡೆದಾಗಲೇ ನನಗೆ ಇದೆಲ್ಲ ಗೊತ್ತಾಗಿದ್ದು. ಪಶುವೈದ್ಯರ ಹತ್ತಿರ ಓಡಿದೆವು. ಉಳಿಯಿತು. ಡಿಫ್ಯೂಸರ್ ಉಳಿಯಲಿಲ್ಲ.

ಪುಟ್ಟಿಯ ಅಮ್ಮ:

ಎಲ್ಲ ಓದಿ ಹೆದರಿಕೆ ಆಗುತ್ತಿದೆ. ಮಗಳಿಗೆ ಒಂದೂವರೆ ವರ್ಷ. ನೆಗಡಿ ಆದಾಗ ನೀಲಗಿರಿ ಎಣ್ಣೆ ಎರಡು ಹನಿ ಕರವಸ್ತ್ರಕ್ಕೆ ಹಾಕಿ ಮೂಗಿನ ಹತ್ತಿರ ಹಿಡಿಯುತ್ತೇನೆ. ತಪ್ಪಾ ಅಕ್ಕ?

ಮಾತ್ರೆ ಎಣಿಸುವವಳು:

ನಿಲ್ಲಿಸಿಬಿಡಿ ತಂಗಿ. ಹೆದರಬೇಡಿ, ಆದರೆ ನಿಲ್ಲಿಸಿ. ಅಷ್ಟು ಚಿಕ್ಕ ಮಕ್ಕಳ ಮೂಗಿನ ಹತ್ತಿರ ಮೆಂಥಾಲ್, ಕರ್ಪೂರ, ನೀಲಗಿರಿಯ ಘಾಟು ಹೋದರೆ ಗಂಟಲು ಬಿಗಿದು ಉಸಿರಿಗೆ ತೊಂದರೆ ಆಗಬಹುದು. ಎರಡು ವರ್ಷದ ಒಳಗಿನವರಿಗೆ ಇವು ಯಾವುದೂ ಬೇಡ. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಇದೆ, ಅದು ಸಾಕು.

ಇದಕ್ಕಿಂತ ದೊಡ್ಡ ಭಯ ಸೀಸೆಯದು. ದಯವಿಟ್ಟು ಮೇಲಿನ ಕಪಾಟಿಗೆ ಇಟ್ಟು ಬೀಗ ಹಾಕಿ. ಪುಟ್ಟ ಸೀಸೆ, ಒಳ್ಳೆಯ ವಾಸನೆ, ಮಕ್ಕಳು ಕುಡಿದುಬಿಡುತ್ತಾರೆ. ಒಂದು ಟೀ ಚಮಚ ನೀಲಗಿರಿ ಎಣ್ಣೆ ಸಾಕು, ಮಗುವಿಗೆ ಫಿಟ್ಸ್ ಬರಲು. ಕರ್ಪೂರದ ಎಣ್ಣೆಯೂ ಹಾಗೇ. ವಿಂಟರ್‌ಗ್ರೀನ್ ಎಣ್ಣೆ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್. ನೋವಿನ ಮುಲಾಮಿನ ವಾಸನೆ ಅದರದೇ. ಅದರ 5 ಮಿಲಿಯಲ್ಲಿ 325 ಮಿಲಿಗ್ರಾಂನ ಆಸ್ಪಿರಿನ್ ಮಾತ್ರೆ 20 ನುಂಗಿದಷ್ಟು ವಿಷ ಇರುತ್ತದೆ. ಕುಡಿದದ್ದು ಗೊತ್ತಾದರೆ ವಾಂತಿ ಮಾಡಿಸಬೇಡಿ, ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಸೀಸೆಯನ್ನೂ ಜೊತೆಗೆ ಹಿಡಿದು ಸೀದಾ ಆಸ್ಪತ್ರೆಗೆ ಹೋಗಿ.

ಪುಟ್ಟಿಯ ಅಮ್ಮ:

ಈಗಲೇ ಮೇಲೆ ಇಟ್ಟು ಬಂದೆ. ಥ್ಯಾಂಕ್ಸ್ ಅಕ್ಕ. ಉಪ್ಪುನೀರಿನ ಹನಿ ನಾಳೆ ತರುತ್ತೇನೆ.

ಚಳಿಬಿದ್ದವನು:

ಡಿಫ್ಯೂಸರ್ ಎಷ್ಟು ಹೊತ್ತು ಇಡಬೇಕು? ನಾನು ರಾತ್ರಿಯಿಡೀ ಬಿಡುತ್ತೇನೆ. ಹತ್ತು ನಿಮಿಷದಲ್ಲಿ ವಾಸನೆ ಹೋಗಿಬಿಡುತ್ತದೆ, ಮತ್ತೆರಡು ಹನಿ ಹಾಕುತ್ತೇನೆ. ಹಾಗೇ ನೀರಿಗೆ ಹನಿ ಹಾಕಿ ರೂಮಿಗೆ ಸ್ಪ್ರೇ ಕೂಡ ಮಾಡಿಟ್ಟುಕೊಂಡಿದ್ದೇನೆ, ತಿಂಗಳಿಗಾಗುವಷ್ಟು.

ಸೀಸೆಮುಚ್ಚಳ:

ವಾಸನೆ ಎಲ್ಲೂ ಹೋಗಿಲ್ಲ ಮಾರಾಯರೇ, ನಿಮ್ಮ ಮೂಗು ಅದಕ್ಕೆ ಒಗ್ಗಿಕೊಂಡಿದೆ ಅಷ್ಟೇ. ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಒಳಗೆ ಬನ್ನಿ, ಗೊತ್ತಾಗುತ್ತದೆ. ಅರ್ಧ ಗಂಟೆ ಇಟ್ಟು ಆರಿಸಿ, ಕಿಟಕಿ ಸ್ವಲ್ಪ ತೆರೆದಿರಲಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಅದೂ ಬೇಡ.

ಸ್ಪ್ರೇಯನ್ನು ಇವತ್ತೇ ಚೆಲ್ಲಿ. ನೀರಿದ್ದ ಕಡೆ ಕ್ರಿಮಿ ಇರುತ್ತದೆ, ಲ್ಯಾವೆಂಡರ್ ಹಾಕಿದ ಮಾತ್ರಕ್ಕೆ ಸಾಯುವುದಿಲ್ಲ. 2021ರಲ್ಲಿ ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿ ನಾಲ್ಕು ಜನಕ್ಕೆ ಮೆಲಿಯಾಯ್ಡೋಸಿಸ್ ಅನ್ನುವ ಕಾಯಿಲೆ ಬಂತು. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ರೋಗ. ಅವರು ಉಷ್ಣವಲಯದ ಯಾವ ದೇಶಕ್ಕೂ ಹೋದವರಲ್ಲ. ಹುಡುಕುತ್ತಾ ಹೋದರೆ ಸಿಕ್ಕಿದ್ದು ಲ್ಯಾವೆಂಡರ್ ಕ್ಯಾಮೊಮೈಲ್ ರೂಮ್ ಸ್ಪ್ರೇ. ಇಬ್ಬರು ತೀರಿಕೊಂಡರು, ಅದರಲ್ಲಿ ಒಂದು ಮಗು. ಅಪರೂಪದ ಘಟನೆ, ಹೌದು. ಆದರೂ ತಿಂಗಳುಗಟ್ಟಲೆ ಇಟ್ಟ ನೀರನ್ನು ಮುಖದ ಮುಂದೆ ಸಿಂಪಡಿಸುವುದು ನನಗೆ ಸರಿ ಕಾಣುವುದಿಲ್ಲ.

ಕೊಳ್ಳುವವರಿಗೂ ಒಂದು ಮಾತು. ಥೆರಪ್ಯೂಟಿಕ್ ಗ್ರೇಡ್ ಅಂತ ಸೀಸೆ ಮೇಲೆ ಬರೆದಿದ್ದರೆ ಮರುಳಾಗಬೇಡಿ. ಆ ದರ್ಜೆಯನ್ನು ಕೊಡುವ ಯಾವ ಸರ್ಕಾರಿ ಸಂಸ್ಥೆಯೂ ಇಲ್ಲ, ಮಾರುವವರೇ ಬರೆದುಕೊಳ್ಳುತ್ತಾರೆ. ಗಿಡದ ಲ್ಯಾಟಿನ್ ಹೆಸರು, ಬ್ಯಾಚ್ ನಂಬರ್ ಇದೆಯಾ ನೋಡಿ.

ನಿದ್ದೆಗೇಡಿ (ಮೂರು ವಾರದ ನಂತರ):

ಮತ್ತೆ ಬಂದೆ. ಪಟ್ಟೆಗಳು ಹೋಗಿವೆ, ಕಂದು ಬಣ್ಣದ ನೆರಳು ಉಳಿದಿದೆ. ಪ್ಯಾಚ್ ಟೆಸ್ಟ್ ಆಯಿತು. ಬೆನ್ನ ತುಂಬ ಸಣ್ಣ ಸಣ್ಣ ಬಿಲ್ಲೆ ಅಂಟಿಸಿ ಎರಡು ದಿನ ಸ್ನಾನ ಬೇಡ ಅಂದರು. ತೆಗೆದು ನೋಡಿದರೆ ಕೆದಕಿದ ಹಾಗೆ ಎದ್ದು ನಿಂತದ್ದು ಒಂದೇ ಒಂದು ಬಿಲ್ಲೆಯ ಜಾಗ. ಲಿನಲೂಲ್ ಹೈಡ್ರೋಪೆರಾಕ್ಸೈಡ್. ಸೀಸೆಮುಚ್ಚಳ ಅವರು ಕೂತಲ್ಲೇ ಹೇಳಿದ್ದನ್ನು ಡಾಕ್ಟರು ನನ್ನ ಬೆನ್ನ ಮೇಲೆ ತೋರಿಸಿದರು. ಶಾಂಪೂ ಬದಲಾಯಿಸಿದೆ.

ನಿದ್ದೆಯದ್ದು ವಿಚಿತ್ರ. ಲ್ಯಾವೆಂಡರ್ ಹೋದರೂ ಅದರ ಸುತ್ತ ಮಾಡಿಕೊಂಡಿದ್ದ ಅಭ್ಯಾಸ ಉಳಿಯಿತು. ಹನ್ನೊಂದಕ್ಕೆ ದೀಪ ಆರಿಸುವುದು, ಫೋನ್ ಪಕ್ಕದ ಕೋಣೆಯಲ್ಲಿ. ಈಗ ಹನ್ನೆರಡೂ ಕಾಲಿಗೆಲ್ಲ ಕಣ್ಣು ಮುಚ್ಚುತ್ತದೆ. ಒಂದೊಂದು ದಿನ ಇಲ್ಲ.

ಒಂದು ಪ್ರಶ್ನೆ. ಆ ಡಬ್ಬಿಯಲ್ಲಿದ್ದ ಹಳೆಯ ಕಿತ್ತಳೆ ಎಣ್ಣೆ ಏನು ಮಾಡಲಿ?

ಸೀಸೆಮುಚ್ಚಳ:

ಗ್ಲೌಸ್ ಹಾಕಿಕೊಂಡು, ಡಬ್ಬಿ ಬಾಟಲಿಗಳ ಮೇಲಿನ ಸ್ಟಿಕರ್ ಅಂಟು ತೆಗೆಯಲು ಬಳಸಿ. ಲಿಮೊನಿನ್ ಅದಕ್ಕೆ ಬಲು ಚೆಂದ. ಒಲೆಯ ಹತ್ತಿರ ಮಾತ್ರ ಬೇಡ, ಬೆಂಕಿ ಹಿಡಿಯುತ್ತದೆ.

ನಿದ್ದೆಗೇಡಿ:

ಈಗಷ್ಟೇ ಮಾಡಿದೆ. ಎರಡು ವರ್ಷದಿಂದ ಉಗುರಲ್ಲಿ ಕೆರೆದರೂ ಹೋಗದ ಅಂಟು, ನಾಲ್ಕು ಹನಿ ಹಾಕಿ ಐದು ನಿಮಿಷ ಬಿಟ್ಟು ಒರೆಸಿದರೆ ಜಾರಿಕೊಂಡು ಬಂತು. ಡಬ್ಬಿಗೆ ಭ್ರಮೆ ಇರುವುದಿಲ್ಲ ಅಂತ ಸುಮ್ನೆಕೇಳ್ತೀನಿ ಅವರಿಗೆ ತಿಳಿಸಿ.

ಸುಮ್ನೆಕೇಳ್ತೀನಿ:

ಗ್ಲೌಸ್ ಹಾಕಿದ್ದಿರಾ?